ಲೆಕ್ಕಕ್ಕೆ ಸಿಗದ ಜೀವ: ಬೋನಾಳದಿಂದ ಅಗಾಂಬೆನ್ ವಾದದ ಒಂದು ವಿಮರ್ಶೆ

ಇಟಲಿಯ ತತ್ತ್ವಜ್ಞಾನಿ ಜಾರ್ಜೋ ಅಗಾಂಬೆನ್ 2020ರ ಫೆಬ್ರವರಿ ಕೊನೆಯಿಂದ ಕೊರೋನಾ ಕುರಿತು ಬರೆದ ಲೇಖನಗಳು ಅದೇ ವರ್ಷ ಪುಸ್ತಕರೂಪ ಪಡೆದವು. ಅವುಗಳ ವಾದದ ತಿರುಳು ಇದು: ಸಾಂಕ್ರಾಮಿಕವು ತುರ್ತುಸ್ಥಿತಿಯನ್ನೇ ಸಹಜಸ್ಥಿತಿಯಾಗಿಸಲು ಸರ್ಕಾರಗಳಿಗೆ ನೆಪವಾಯಿತು, ಜನರು ಬರಿಯ ಜೀವವನ್ನು ಉಳಿಸಿಕೊಳ್ಳಲು ನಂಟನ್ನೂ ಅಂತ್ಯಸಂಸ್ಕಾರವನ್ನೂ ಬಿಟ್ಟುಕೊಟ್ಟರು. ಕುಷ್ಠರೋಗಿಗಳನ್ನು ಅಪ್ಪಿಕೊಂಡ ಸಂತ ಫ್ರಾನ್ಸಿಸರನ್ನು ಧರ್ಮಸಭೆ ಮರೆತಿತೆಂಬ ಆಕ್ಷೇಪವನ್ನೂ ಅವರು ಎತ್ತಿದರು.

ಈ ಶಂಕೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. 2020ರಲ್ಲಿ ನಮ್ಮಲ್ಲಿ ಬಳಕೆಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ 1897ರದು. ಪ್ಲೇಗಿನ ಕಾಲದಲ್ಲಿ ವಸಾಹತು ಸರ್ಕಾರ ರೂಪಿಸಿದ್ದು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಕಟವಾದ 21 ದಿನಗಳ ಲಾಕ್‌ಡೌನ್ ಅದೇ ಮಧ್ಯರಾತ್ರಿ ಜಾರಿಯಾಯಿತು. ನೂರು ಕೋಟಿಗೂ ಮಿಕ್ಕ ಜನರಿಗೆ ಸಿಕ್ಕಿದ್ದು ನಾಲ್ಕು ಗಂಟೆಗಳ ಅವಕಾಶ.

ಆದರೆ ಸುರಪುರ ಸೀಮೆಯ ಬೋನಾಳದಲ್ಲಿ ನಿಂತು ಓದಿದರೆ ಅಗಾಂಬೆನ್ ವಾದದ ಕೊರತೆ ಕಾಣುತ್ತದೆ. ಬೋನಾಳದ ಕೆರೆ ವಲಸೆ ಹಕ್ಕಿಗಳಿಗೆ ಹೆಸರಾದದ್ದು. ಈ ಸೀಮೆಯ ಜನರೂ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುವವರು. 2020ರ ಮೇ ಮೊದಲ ವಾರ ಬೆಂಗಳೂರಿನಿಂದ ಊರುಗಳಿಗೆ ಹೊರಟ ಕೂಲಿಕಾರರಿಗೆ ಸರ್ಕಾರಿ ಬಸ್ಸು ಮೊದಲು ದುಬಾರಿಯಾಯಿತು, ಟೀಕೆಯ ಬಳಿಕವಷ್ಟೇ ಉಚಿತವಾಯಿತು. ದಾರಿಯಲ್ಲಿ ಸತ್ತ ವಲಸೆ ಕಾರ್ಮಿಕರ ಅಂಕಿಅಂಶ ತನ್ನಲ್ಲಿಲ್ಲವೆಂದು ಕೇಂದ್ರ ಕಾರ್ಮಿಕ ಸಚಿವಾಲಯ ಸೆಪ್ಟೆಂಬರಿನಲ್ಲಿ ಸಂಸತ್ತಿಗೆ ತಿಳಿಸಿತು. ಪ್ರಭುತ್ವ ಬರಿಯ ಜೀವವನ್ನು ಅತಿಯಾಗಿ ಕಾಯ್ದಿತೆಂಬುದು ಅಗಾಂಬೆನ್ನರ ದೂರು. ಗುಳೆ ಹೋದವರ ದೂರು ಬೇರೆ: ಆ ಬರಿಯ ಜೀವವೂ ಲೆಕ್ಕಕ್ಕೆ ಬರಲಿಲ್ಲ. ಎರಡೂ ಅಪನಂಬಿಕೆಗಳೇ, ಆದರೆ ಒಂದೇ ಅಲ್ಲ. ಮೊದಲನೆಯದನ್ನು ಎರವಲು ತಂದು ರೋಗವೇ ಉತ್ಪ್ರೇಕ್ಷೆಯೆಂದು ಪ್ರಬೋಧಿಸುವ ಗುರು ಬಡವನಿಗೆ ಲಸಿಕೆಯನ್ನೂ ತಪ್ಪಿಸಬಲ್ಲನು.

ಸಮುವೇಲನ ಎರಡನೆಯ ಗ್ರಂಥದ 24ನೆಯ ಅಧ್ಯಾಯ ಇಲ್ಲಿ ಹೆಚ್ಚು ಸೂಕ್ಷ್ಮವಾಗಿದೆ. ದಾವೀದನು ಜನಗಣತಿಗೆ ಅಪ್ಪಣೆ ಕೊಡುತ್ತಾನೆ. ಯೋವಾಬನ ಆಕ್ಷೇಪಕ್ಕಿಂತ ಅರಸನ ಮಾತೇ ಮೇಲಾಗುತ್ತದೆ. ಬಳಿಕ ವ್ಯಾಧಿ ಬರುತ್ತದೆ. ಸೈನಿಕಬಲವನ್ನು ಅಳೆಯುವ ಎಣಿಕೆ ಅದು. ನೂರರಲ್ಲಿ ಒಂದು ತಪ್ಪಿದ್ದನ್ನು ಅರಿಯುವ ಕುರುಬನ ಎಣಿಕೆ ಬೇರೆ. ಆದರೂ ದಾವೀದನು ಕುರಿಗಳಂಥ ಪ್ರಜೆಗಳನ್ನು ನಿರ್ದೋಷಿಗಳೆಂದು ಕರೆದು ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ. ಅರೌನನು ಕಣವನ್ನು ಉಚಿತವಾಗಿ ಕೊಡಲು ಬಂದರೂ ಬೆಲೆ ತೆತ್ತೇ ಕೊಳ್ಳುತ್ತಾನೆ. ಅಧಿಕಾರವು ನಂಬಿಕೆಯನ್ನು ಮರಳಿ ಪಡೆಯುವ ದಾರಿ ಇದು: ಹೊಣೆಯನ್ನು ಕೆಳಗಿನವರ ತಲೆಗೆ ಕಟ್ಟದೆ ತಾನೇ ಬೆಲೆ ತೆರುವುದು. ಈ ದಾರಿ ಅಗಾಂಬೆನ್ನರ ಚಿಂತನೆಯಲ್ಲಿಲ್ಲ. ಅಲ್ಲಿ ಅಧಿಕಾರಕ್ಕೆ ಪಶ್ಚಾತ್ತಾಪದ ಅವಕಾಶವೇ ಇಲ್ಲ.

ಧರ್ಮಸಭೆಯ ಸಾಮಾಜಿಕ ಬೋಧನೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕೆಳಹಂತದವರು ಮಾಡಬಲ್ಲುದನ್ನು ಮೇಲಿನವರು ಕಿತ್ತುಕೊಳ್ಳಬಾರದು, ಅವರಿಗೆ ನೆರವಾಗಬೇಕು ಎಂಬ ತತ್ತ್ವವನ್ನು 11ನೆಯ ಭಕ್ತಿನಾಥರು (ಪಿಯುಸ್) 1931ರಲ್ಲಿ ಸ್ಪಷ್ಟಪಡಿಸಿದರು. ಪೋಪ್ ಫ್ರಾನ್ಸಿಸರು 2020ರ ಸೆಪ್ಟೆಂಬರ್ 23ರಂದು ಸಾಂಕ್ರಾಮಿಕದ ಸಂದರ್ಭದಲ್ಲೇ ಅದನ್ನು ನೆನಪಿಸಿದರು. ಆದರೆ ಆಗ ಕರ್ನಾಟಕದ ಗ್ರಾಮ ಪಂಚಾಯಿತಿಗಳ ಸ್ಥಿತಿಯೇನು? ಸದಸ್ಯರ ಅವಧಿ ಮುಗಿದು, ಚುನಾವಣೆ ಮುಂದಕ್ಕೆ ಹೋಗಿ, ಆಡಳಿತಾಧಿಕಾರಿಗಳು ಬಂದಿದ್ದರು. ಮತದಾನ ನಡೆದದ್ದು ಡಿಸೆಂಬರ್ 22 ಮತ್ತು 27ರಂದು. ಮನೆಮನೆಯನ್ನು ಬಲ್ಲವರ ಮಾತು ಹೆಚ್ಚು ಬೇಕಾಗಿದ್ದಾಗ ಹಳ್ಳಿಗೆ ಚುನಾಯಿತ ದನಿಯೇ ಇರಲಿಲ್ಲ.

ಆದ್ದರಿಂದ ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ಓದಿ ವಿಧೇಯತೆಯನ್ನಷ್ಟೇ ಬೋಧಿಸುವುದು ಗುರುಧರ್ಮವಲ್ಲ. ಸಂದೇಹವನ್ನು ಬಿತ್ತುವುದೂ ಅಲ್ಲ. ವೈದ್ಯಕೀಯ ಸತ್ಯವನ್ನು ಜನರಿಗೆ ತಲುಪಿಸುವುದು, ಲೆಕ್ಕಕ್ಕೆ ಬಾರದವರ ಹೆಸರನ್ನು ಅಧಿಕಾರಕ್ಕೆ ಮುಟ್ಟಿಸುವುದು, ಎರಡೂ ನಮ್ಮ ಹೊಣೆ. ಧರ್ಮಕೇಂದ್ರದ ಪಾಲನಾ ಸಮಿತಿಯನ್ನು ಕೇಳದೆ ಎಲ್ಲವನ್ನೂ ತಾನೇ ನಿರ್ಧರಿಸುವ ಗುರುವಿಗೆ ದಿಲ್ಲಿಯನ್ನಾಗಲಿ ಬೆಂಗಳೂರನ್ನಾಗಲಿ ಟೀಕಿಸುವ ನೈತಿಕ ಬಲ ಎಲ್ಲಿಂದ ಬರಬೇಕು?