ಹೆಂಗಸರ ಆಟಕ್ಕೆ ಯಾರ ನಿಯಮ?

ಹೆಂಗಸರಿಗೆ ಆಟದಲ್ಲಿ ಗೆಲುವಿಗಿಂತ ಮಾತುಕತೆಯೇ ಮುಖ್ಯ ಎಂಬ ಮಾತೊಂದಿದೆ. ಹಾಗೆನ್ನುವವರು ಕೃಷ್ಣರಾಜಪೇಟೆ ತಾಲೂಕಿನ ಶೀಳನೆರೆ ಕಡೆ ಜಗಲಿಯ ಮೇಲೆ ಕೂತು ಹೆಂಗಸರು ಆಡುತ್ತಿದ್ದ ಚೌಕಾಬಾರವನ್ನು ನೆನೆಯಬೇಕು. 25 ಮನೆ, 4 ಕವಡೆ, ಒಬ್ಬೊಬ್ಬರಿಗೆ 4 ಕಾಯಿ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ದಿನವಿಡೀ ಅತ್ತೆಗೆ ಎದುರಾಡದ ಸೊಸೆ ಇಲ್ಲಿ ಅತ್ತೆಯ ಕಾಯಿ ಕಡಿದು ಗಟ್ಟಿಯಾಗಿ ನಗುತ್ತಾಳೆ. ನಡುನಡುವೆ ಊರಿನ ಕತೆಯೂ ನಡೆಯುತ್ತದೆ. ಕಡಿತ ಬೇರೆ, ಕತೆ ಬೇರೆ ಎಂದು ಅವರು ಎಂದೂ ವಿಂಗಡಿಸಲಿಲ್ಲ.

ವಿಂಗಡಿಸಿದ್ದು ನಿಯಮ ಬರೆದವರು. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಬಂತು. ಮೇಜಿನ ಸುತ್ತ ಕೂತವರು ಒಂದೊಂದು ಪಾತ್ರವಾಗುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ. ಏಟು ತಾಗಿತೋ ತಪ್ಪಿತೋ ದಾಳ ಹೇಳುತ್ತದೆ. ಅದರ ಮೊದಲ ಕೈಪಿಡಿಯ ಹೆಸರೇ 'ಮೆನ್ ಅಂಡ್ ಮ್ಯಾಜಿಕ್'. 1976ರಲ್ಲಿ 'ದಿ ಡ್ರ್ಯಾಗನ್' ಪತ್ರಿಕೆಯ ಲೇಖನವೊಂದು ಹೆಣ್ಣುಪಾತ್ರಗಳಿಗೆ ಸೌಂದರ್ಯದ ಅಂಕವನ್ನು ಸೂಚಿಸಿತು. 1978ರ ಕೈಪಿಡಿ ಹೆಣ್ಣು ಯೋಧರ ಬಲಕ್ಕೆ ಗಂಡಿಗಿಂತ ಕಡಿಮೆ ಮಿತಿ ಹಾಕಿತು. ಬೆಂಕಿಯುಗುಳುವ ಡ್ರ್ಯಾಗನ್ ಇರಬಹುದು, ಮಂತ್ರದಿಂದ ಸತ್ತವನು ಏಳಬಹುದು. ಬಲಿಷ್ಠ ಹೆಣ್ಣು ಮಾತ್ರ ನಂಬಲಾಗದ ಕಲ್ಪನೆ! 1989ರ ಆವೃತ್ತಿಯಲ್ಲಿ ಆ ಮಿತಿ ಹೋಯಿತು. ಕತ್ತಿಯ ತೂಕ ಕಡಿಮೆ ಮಾಡಿ ಕೊಟ್ಟು, ಅವಳಿಗೆ ಕಾಳಗ ಇಷ್ಟವಿಲ್ಲ ಎಂದರೆ ಅದು ಅಭಿರುಚಿಯ ಮಾತಾಗುವುದಿಲ್ಲ. ಹೆಂಗಸರು ದೂರ ನಿಂತು ನೋಡುತ್ತಲೂ ಇರಲಿಲ್ಲ. ಈ ಬಗೆಯ ಆಟಗಳಿಗೆಂದೇ 1975ರಲ್ಲಿ 'ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್' ಪತ್ರಿಕೆ ಶುರುಮಾಡಿದ್ದು ಲೀ ಗೋಲ್ಡ್ ಎಂಬ ಮಹಿಳೆ.

ಇದು ಪರದೇಶದ ಮಾತು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಅಬೂದಾವೂದ್ ಸಂಗ್ರಹದ ಎರಡು ವರದಿಗಳನ್ನು ನಮ್ಮಲ್ಲಿ ಅನೇಕರು ಬಲ್ಲರು. ಹ. ಆಯಿಶಾರ(ರ) ಬೊಂಬೆಗಳ ನಡುವೆ ರೆಕ್ಕೆಯುಳ್ಳ ಕುದುರೆಯೊಂದನ್ನು ಕಂಡು ಪ್ರವಾದಿ(ಸ) ವಿಚಾರಿಸುತ್ತಾರೆ. ಸುಲೈಮಾನರ(ಅ) ಕುದುರೆಗಳಿಗೆ ರೆಕ್ಕೆ ಇತ್ತಲ್ಲ ಎಂಬುದು ಆಕೆಯ ಉತ್ತರ. ಪ್ರವಾದಿ(ಸ) ದವಡೆ ಹಲ್ಲು ಕಾಣುವಂತೆ ನಗುತ್ತಾರೆ. ಕುದುರೆಗೆ ರೆಕ್ಕೆಯೆಲ್ಲಿ ಎಂದು ತಿದ್ದುವುದಿಲ್ಲ. ಇನ್ನೊಂದರಲ್ಲಿ ಇಬ್ಬರೂ ಓಟದ ಪಂದ್ಯ ಓಡುತ್ತಾರೆ. ಮೊದಲ ಸಲ ಆಯಿಶಾ(ರ) ಗೆಲ್ಲುತ್ತಾರೆ, ಮುಂದೊಮ್ಮೆ ಪ್ರವಾದಿ(ಸ). ಕತೆ ಕಟ್ಟುವ ಖುಷಿ, ಗೆಲ್ಲುವ ಛಲ ಎರಡೂ ಒಬ್ಬರಲ್ಲೇ ಇದ್ದವು.

ಜೂಜು ನಿಷಿದ್ಧ. ಪಣವಿಲ್ಲದ ದಾಳದಾಟಕ್ಕೂ ಅನೇಕ ಉಲಮಾಗಳ ಆಕ್ಷೇಪವಿದೆ. ಅದನ್ನು ನಾನು ಹಗುರಗೊಳಿಸುತ್ತಿಲ್ಲ. ಆದರೆ ಆ ಆಕ್ಷೇಪ ಗಂಡಿಗೂ ಹೆಣ್ಣಿಗೂ ಒಂದೇ. ನಮ್ಮ ಮನೆಗಳಲ್ಲಿ ನಡೆಯುವುದು ಬೇರೆ. ಹುಡುಗ ಬ್ಯಾಟು ಹಿಡಿದು ಹೊರಟರೆ ವಯಸ್ಸಿನ ಸಹಜ ಹುರುಪು. ಹನ್ನೆರಡು ದಾಟಿದ ಹುಡುಗಿ ಕುಂಟಾಬಿಲ್ಲೆ ಆಡಿದರೆ, 'ಇನ್ನೂ ಆಟವೇ ನಿನಗೆ?' ದಾಳದ ಮಸಲೆ ಇಲ್ಲಿ ಎಲ್ಲಿಂದ ಬಂತು? ಹತ್ತು ವರ್ಷ ಕಳೆದ ಮೇಲೆ ಅದೇ ಹುಡುಗಿಯನ್ನು ತೋರಿಸಿ, ಅವಳಿಗೆ ಆಟದಲ್ಲಿ ಆಸಕ್ತಿಯಿಲ್ಲ ಎನ್ನುತ್ತೇವೆ.

ಹೆಣ್ಣುಮಕ್ಕಳಿಗೆ ಎಂಥ ಆಟ ಇಷ್ಟ ಎಂಬುದಕ್ಕೆ ಉತ್ತರ ಬೇಕಿದ್ದರೆ ಮೊದಲು ಅವರಿಗೆ ಒಂದಿಷ್ಟು ಬಿಡುವು ಕೊಡೋಣ, ಕೂರಲು ಜಗಲಿ ಬಿಡೋಣ. ರೆಕ್ಕೆ ಎಲ್ಲಿ ಕಟ್ಟಬೇಕು, ಕಾಯಿ ಎಲ್ಲಿ ಕಡಿಯಬೇಕು ಎಂಬುದನ್ನು ಅವರೇ ತೀರ್ಮಾನಿಸಿಕೊಳ್ಳುತ್ತಾರೆ.