ಗೊಲ್ಗೊಥಾ: ಸಾವಿನೆದುರಿನ ಸಂತೋಷ ಎಂಥದು?

ಮಂಜೇಶ್ವರದ ಗೋವಿಂದ ಪೈಗಳ (1883-1963) ಹೆಸರೆತ್ತಿದರೆ ರಾಷ್ಟ್ರಕವಿ ಪದವಿ, ಪ್ರಾಸ ಬಿಟ್ಟ ಧೈರ್ಯ, ಹತ್ತಾರು ಭಾಷೆಗಳ ಪಾಂಡಿತ್ಯ ನೆನಪಾಗುತ್ತವೆ. ಅವರ 'ಗೊಲ್ಗೊಥಾ' ಕಾವ್ಯವನ್ನು ಹೊಗಳಿದಷ್ಟು ಜನ ಓದಿಲ್ಲ. 1930ರ ದಶಕದ ಈ ಖಂಡಕಾವ್ಯದ ವಸ್ತು ಯೇಸುಕ್ರಿಸ್ತರ ಕಡೆಯ ದಿನ. ಬರೆದವರು ಕ್ರೈಸ್ತರಲ್ಲ, ಕೊಂಕಣಿ ಮನೆಮಾತಿನ ಗೌಡ ಸಾರಸ್ವತರು. ಮುಂದೆ ಇದೇ ಕವಿ 'ವೈಶಾಖಿ'ಯಲ್ಲಿ ಬುದ್ಧನ ಕಡೆಯ ದಿನವನ್ನು ಎತ್ತಿಕೊಂಡರು. ಮಹಾತ್ಮರ ಹುಟ್ಟಿಗಿಂತ, ಪವಾಡಗಳಿಗಿಂತ, ಅವರು ಸಾವನ್ನು ಎದುರಿಸಿದ ಗಳಿಗೆ ಈ ಕವಿಯನ್ನು ಕಾಡಿತ್ತು.

ಮುಸ್ಲಿಂ ಓದುಗನಿಗೆ ಕಾವ್ಯದ ಹೊಸ್ತಿಲಲ್ಲೇ ಒಂದು ತೊಡಕಿದೆ. ಕುರ್‌ಆನ್ ಈಸಾ ಅವರನ್ನು ಪ್ರವಾದಿಯೆಂದು ಗೌರವಿಸುತ್ತದೆ, ಆದರೆ ಅವರನ್ನು ಶಿಲುಬೆಗೇರಿಸಿ ಕೊಂದರೆಂಬುದನ್ನು ಒಪ್ಪುವುದಿಲ್ಲ. ಹಾಗಾದರೆ ಈ ಕಾವ್ಯ ನಮ್ಮದಲ್ಲವೇ? ಪೈಗಳೇನೂ ಮತ ಬದಲಿಸಿ ಬರೆಯಲಿಲ್ಲವಲ್ಲ. ಒಂದು ನಂಬಿಕೆಯನ್ನು ಒಪ್ಪದೆಯೂ ಅದರ ಒಳಗಿನ ನೋವಿಗೆ ಕಿವಿಗೊಡಬಹುದು. ಸಾಹಿತ್ಯ ಇರುವುದೇ ಅದಕ್ಕೆ.

ಕ್ರೈಸ್ತರು ಸಂತೋಷದಿಂದ ಸಾವನ್ನು ಎದುರಿಸುತ್ತಾರೆ ಎಂಬ ಮಾತು ಬೋಧನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಸಂತೋಷ ಎಂಥದು? ಸುವಾರ್ತೆಗಳ ಪ್ರಕಾರ ಬಂಧನದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ತಳಮಳಿಸುತ್ತಾರೆ. ಸಾಧ್ಯವಿದ್ದರೆ ಈ ಕಷ್ಟ ತಪ್ಪಲಿ ಎಂದು ಬೇಡುತ್ತಾರೆ, ಆಮೇಲೆ ದೇವರ ಇಚ್ಛೆಗೆ ತಲೆಬಾಗುತ್ತಾರೆ. ಶಿಲುಬೆಯ ಮೇಲೆ ನೀರಡಿಕೆಯಾಗುತ್ತದೆ, ದೇವರೇ ಕೈಬಿಟ್ಟನೇ ಎಂಬ ಕೂಗೂ ಏಳುತ್ತದೆ. ಇದು ನಗುನಗುತ್ತಾ ಸಾಯುವವರ ಚಿತ್ರವಲ್ಲ. ಸಾವನ್ನು ಬಯಸುವುದು ಬೇರೆ, ಸಾವಿಗೆ ಹೆದರಿ ಸತ್ಯವನ್ನು ಬಿಡದಿರುವುದು ಬೇರೆ. ಕೊಲ್ಲುವವರನ್ನೂ ಕ್ಷಮಿಸುವಷ್ಟು ಮನಸ್ಸು ಹಗುರಾದರೆ, ಆ ಹಗುರವೇ ಇಲ್ಲಿನ ಸಂತೋಷ.

ಉರ್ದು ಓದಿ ಬೆಳೆದವರಿಗೆ ಇಲ್ಲಿ ಕರ್ಬಲಾ ನೆನಪಾಗದೆ ಇರದು. ಕ್ರಿ.ಶ. 680ರಲ್ಲಿ ನದಿ ಹತ್ತಿರವಿದ್ದೂ ನೀರು ಸಿಗದೆ, ಇಮಾಮ್ ಹುಸೇನರು ಮತ್ತು ಅವರ ಸಂಗಡಿಗರು ಪ್ರಾಣ ಕೊಟ್ಟರು. ಹುಸೇನರೂ ಸಾವನ್ನು ಹುಡುಕಿಕೊಂಡು ಹೋದವರಲ್ಲ. ಹಿಂತಿರುಗಲು ಬಿಡಿ ಎಂದು ಕೇಳಿದರೆಂದು ಚರಿತ್ರೆಕಾರರು ಹೇಳುತ್ತಾರೆ. ಅವರು ಒಪ್ಪದೇ ಹೋದದ್ದು ಅನ್ಯಾಯದ ಆಳ್ವಿಕೆಗೆ ನಿಷ್ಠೆ ಸಲ್ಲಿಸುವುದನ್ನು. ಲಖನೌದ ಮೀರ್ ಅನೀಸ್ (ನಿಧನ 1874) ಮರ್ಸಿಯಾಗಳಲ್ಲಿ ಈ ಬಾಯಾರಿಕೆಯನ್ನು ಹಾಡಿದರು. ಅವರ ಅರಬರು ಲಖನೌ ಮನೆತನದವರಂತೆ ಮಾತಾಡುತ್ತಾರೆ, ಅಳುತ್ತಾರೆ. ಆದ್ದರಿಂದಲೇ ಮಜ್ಲಿಸಿನಲ್ಲಿ ಕೂತವರಿಗೆ ಆ ದುಃಖ ತಮ್ಮ ಮನೆಯದೇ ಆಗುತ್ತದೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮುಸ್ಲಿಮರಲ್ಲದವರೂ ಮೊಹರಂ ದಿನಗಳಲ್ಲಿ ರಿವಾಯತ್ ಪದ ಹಾಡುತ್ತಾರೆ. ಹುಸೇನರು ಅಲ್ಲಿ ಕನ್ನಡದಲ್ಲೇ ಬಾಯಾರುತ್ತಾರೆ.

ಗೊಲ್ಗೊಥಾದ ಕೊರತೆ ಇರುವುದು ಇಲ್ಲೇ. ಪೈಗಳು ಸುವಾರ್ತೆಗಳ ಹಾದಿಯಲ್ಲೇ ನಡೆಯುತ್ತಾರೆ, ವಸ್ತುವಿನ ಬಗ್ಗೆ ಅವರ ಗೌರವ ಪ್ರಶ್ನಾತೀತ. ಆದರೆ ಸಂಸ್ಕೃತ ಸಮಾಸಗಳೂ ಹಳಗನ್ನಡದ ಪದಗಳೂ ಕಿಕ್ಕಿರಿದ ಭಾಷೆ ಓದುಗನನ್ನು ಹೆಜ್ಜೆಹೆಜ್ಜೆಗೂ ನಿಘಂಟಿಗೆ ಕಳಿಸುತ್ತದೆ. ಬಡಗಿಯ ಮಗನ ನೀರಡಿಕೆ ಪಂಡಿತರ ಮಾತಿನ ಹಿಂದೆ ಮರೆಯಾಗುವ ಅಪಾಯವಿದೆ. ಉಪ್ಪಾರಹಳ್ಳಿಯಲ್ಲಿ ಕೂತು ಓದುವ ನನ್ನಂಥವನಿಗೆ ಇದು ಇನ್ನೂ ಎದ್ದು ಕಾಣುತ್ತದೆ. ಏಕೆಂದರೆ ನಮ್ಮ ತುಮಕೂರು ಸೀಮೆಯಲ್ಲಿ ಇದೇ ಕಥೆಗೆ ಇನ್ನೊಂದು ಕನ್ನಡವಿತ್ತು. 1830ರ ದಶಕದ ಕೊನೆಗೇ ಗುಬ್ಬಿಗೆ ಬಂದ ವೆಸ್ಲಿಯನ್ ಮಿಷನ್ನಿನವರು ಜನರ ಮಾತು ಕಲಿತು ಜನರ ನಡುವೆಯೇ ಅದನ್ನು ಹೇಳಿದರು. ಅವರ ಉದ್ದೇಶ ಮತಪ್ರಚಾರ, ಪೈಗಳದ್ದು ಕಾವ್ಯ. ಪೈಗಳ ಹಿರಿಮೆ ಯಾರನ್ನೂ ಎಲ್ಲಿಗೂ ಕರೆಯದೆ ಒಂದು ಸಾವಿನ ಮುಂದೆ ಓದುಗನನ್ನು ನಿಲ್ಲಿಸಿದ್ದರಲ್ಲಿದೆ. ಆದರೂ ಆ ಸಾದಾ ಕನ್ನಡದ ಒಂದು ಪಾಲು ಕಾವ್ಯಕ್ಕೂ ಬೇಕಿತ್ತು.

ಇಂಥ ಕಾವ್ಯ ಈಗೇಕೆ ಬೇಕು? ಧರ್ಮಕ್ಕಾಗಿ ಸಾಯುವ ಮಾತು ನಮ್ಮ ಕಾಲದಲ್ಲಿ ಕೊಲ್ಲುವ ಮಾತಿನೊಡನೆ ಬೆರೆತುಹೋಗಿದೆ. ಹುತಾತ್ಮ, ಶಹೀದ್ ಎಂಬ ಪದಗಳನ್ನು ಎಲ್ಲ ಕಡೆಯವರೂ ಬ್ಯಾನರಿಗೆ ಏರಿಸಿದ್ದಾರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಅವರನ್ನು ಇಬ್ಬರು ಎಳೆಯ ಗಂಡುಮಕ್ಕಳೊಡನೆ ಜೀಪಿನಲ್ಲೇ ಸುಟ್ಟರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿರುವುದಾಗಿ ಹೇಳಿದರು, ಮತ್ತೆ ಕೆಲವು ವರ್ಷ ಅಲ್ಲೇ ಉಳಿದು ಆ ಸೇವೆ ನಡೆಸಿದರು. ಆ ತಾಯಿಯ ದುಃಖ ಕ್ಷಮೆಯಿಂದ ಕಡಿಮೆಯಾಯಿತೆಂದು ಯಾರು ಹೇಳಬಲ್ಲರು? ದುಃಖ ದುಃಖವಾಗಿಯೇ ಇತ್ತು, ಅದು ಹಗೆಯಾಗಲಿಲ್ಲ ಅಷ್ಟೆ. ಗೊಲ್ಗೊಥಾ ಕಲಿಸುವುದಿದ್ದರೆ ಇದನ್ನೇ. ತನ್ನ ಪ್ರಾಣ ಕೊಡಬಹುದು, ಇನ್ನೊಬ್ಬರದನ್ನು ಕೇಳುವ ಹಕ್ಕು ಯಾವ ನಂಬಿಕೆಗೂ ಇಲ್ಲ.

ಕಾಲೇಜಿನ ಮೇಷ್ಟರುಗಳು ಈ ಕಾವ್ಯವನ್ನು ಟಿಪ್ಪಣಿ ಬರೆಸಿ ಮುಗಿಸದೆ, ತರಗತಿಯಲ್ಲಿ ಗಟ್ಟಿಯಾಗಿ ಓದಿಸಲಿ. ಪಕ್ಕದಲ್ಲೇ ಒಂದು ರಿವಾಯತ್ ಪದವನ್ನೂ ಹಾಡಿಸಲಿ. ಎರಡು ನೀರಡಿಕೆಗಳನ್ನು ಒಟ್ಟಿಗೆ ಕೇಳಿದ ಹುಡುಗ ಹುಡುಗಿಯರು ಬೇರೆಯವರ ಸಾವಿಗೆ ಜೈಕಾರ ಹಾಕುವುದು ಅಷ್ಟು ಸುಲಭವಲ್ಲ.