ಅರ್ಧಸ್ಮೃತಿಯ ಅಪಾಯ

ಜನಾಂಗದ ನೆನಪು ಹಿರಿಯರು ಬಿಟ್ಟುಹೋದ ನಿಧಿ. ಅದನ್ನು ಅರ್ಧ ಮಾತ್ರ ತೆರೆದು ತೋರಿಸುವವರ ವಿಷಯದಲ್ಲಿ ಎಚ್ಚರ ಅಗತ್ಯ. ಫಿಲಿಪೈನ್ಸ್ ದೇಶದ ಈಚಿನ ರಾಜಕಾರಣ ಇದಕ್ಕೆ ನಿದರ್ಶನ.

ಅಲ್ಲಿ ಫರ್ಡಿನೆಂಡ್ ಮಾರ್ಕೋಸರು 1972ರಲ್ಲಿ ಸೈನಿಕ ಶಾಸನವನ್ನು ಹೇರಿದರು; 1986ರ ಜನಾಂದೋಲನದಿಂದ ಪದಚ್ಯುತರಾದರು. 2022ರಲ್ಲಿ ಅವರ ಪುತ್ರರೇ ಅಧ್ಯಕ್ಷರಾಗಿ ಚುನಾಯಿತರಾದರು. ಅದಕ್ಕೆ ಮುನ್ನ ಯೂಟ್ಯೂಬ್, ಫೇಸ್‌ಬುಕ್, ಟಿಕ್‌ಟಾಕ್‌ಗಳಲ್ಲಿ ತಂದೆಯ ಆಳಿಕೆಯನ್ನು ‘ಸುವರ್ಣಯುಗ’ವೆಂದು ಬಣ್ಣಿಸುವ ಚಿತ್ರಗಳು ಹೇರಳವಾಗಿ ಹರಿದಾಡಿದವು. 1986ರ ತರುವಾಯ ಜನಿಸಿದ, ಇಂದಿನ ಬಡತನದಿಂದ ಬೇಸತ್ತ ತರುಣರಿಗೆ ಅವು ಹಿತವಾಗಿ ಕಂಡುದು ಸಹಜ.

ಇವುಗಳಲ್ಲಿ ಶುದ್ಧ ಸುಳ್ಳುಗಳನ್ನು ಅಲ್ಲಗಳೆಯುವುದು ಸುಲಭ, ಕಠಿಣವಾದುದು ಅರ್ಧಸತ್ಯ. 1973ರಲ್ಲಿ ಉದ್ಘಾಟನೆಗೊಂಡ ಸಾನ್ ಹುವಾನಿಕೊ ಸೇತುವೆ ಆ ಕಾಲದ ಹೆಮ್ಮೆಯ ಕುರುಹು. ಸೇತುವೆ ಸುಳ್ಳಲ್ಲ, ಸಮಾರ್, ಲೇಟೆ ದ್ವೀಪಗಳನ್ನು ಅದು ಇಂದಿಗೂ ಕೂಡಿಸಿದೆ. ಆದರೆ ಸೆರೆಮನೆಗಳಲ್ಲಿ ಅದೇ ಹೆಸರಿನ ಒಂದು ಚಿತ್ರಹಿಂಸೆಯೂ ಇದ್ದಿತು. ಬಂದಿಯ ತಲೆಯನ್ನು ಒಂದು ಮಂಚದ ಮೇಲೆ, ಕಾಲನ್ನು ಇನ್ನೊಂದರ ಮೇಲೆ ಇರಿಸಿ, ನಡುವೆ ದೇಹವು ಕುಸಿದೊಡನೆ ಹೊಡೆಯುತ್ತಿದ್ದರು. 2013ರ ಕಾನೂನಿನನ್ವಯ ಅಲ್ಲಿಯ ಸರ್ಕಾರವೇ 11,103 ಮಂದಿಯನ್ನು ಆ ಆಳಿಕೆಯ ಪೀಡಿತರೆಂದು ಅಂಗೀಕರಿಸಿದೆ. ಒಂದೇ ಹೆಸರಿಗೆ ಎರಡು ನೆನಪು. ಒಂದನ್ನು ಮೆರೆಸಿ ಇನ್ನೊಂದನ್ನು ಮರೆಸುವುದು ಸ್ಮರಣೆಯಲ್ಲ, ವಂಚನೆ.

ಗತಕಾಲವನ್ನು ಕೊಂಡಾಡುವ ಮಾತು ಕಿವಿಗೆ ಬಿದ್ದಾಗ, ಅಂದು ನೊಂದವರು ಏನೆನ್ನುವರೆಂದು ವಿಚಾರಿಸುವುದೇ ವಿವೇಕ. ಹಿರಿಯರೂ ತಾವು ಕಂಡುದನ್ನು ಮಕ್ಕಳಿಗೆ ಹೇಳದೆ ಹೋದರೆ, ಆ ತೆರಪನ್ನು ತುಂಬಲು ಅನ್ಯರು ಸಿದ್ಧರಾಗಿಯೇ ಇರುತ್ತಾರೆ.